ಬೀಸುವುದು ನೊಣವನ್ನಲ್ಲ, ದಾರವನ್ನು

ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಹೋದ ವರ್ಷ ಒಂದು ಫೋಟೋ ಕಳಿಸಿದ್ದ. ಹೊಸದಾಗಿ ಕೊಂಡ ಫ್ಲೈ ರಾಡ್, ಮೀನು ಹಿಡಿಯುವ ಕೋಲು; ಹಿಡಿಯ ಮೇಲ್ಗಡೆ 10 ಎಂದು ಬರೆದಿತ್ತು. "ಮಾಮ, ಅಂಗಡೀಲಿ 5 ನಂಬರಿಂದೂ ಇತ್ತು. ಗಟ್ಟಿ ಇರಲಿ ಅಂತ ಇದನ್ನೇ ತಗೊಂಡೆ" ಎಂದು ಕೆಳಗೊಂದು ಒಕ್ಕಣೆ. ತಿಂಗಳಾದ ಮೇಲೆ ಫೋನಿನಲ್ಲೇ ದೂರು. ನಾಲ್ಕು ಶನಿವಾರ ಡಾನ್ ನದಿಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತರೂ ಒಂದು ಟ್ರೌಟ್ ಮೀನೂ ಮೂಸಿ ನೋಡಲಿಲ್ಲವಂತೆ.

ನನಗೆ ಗೊತ್ತಿದ್ದದ್ದು ನಮ್ಮೂರ ಕೆರೆಯ ಗಾಳ ಮಾತ್ರ: ಬಿದಿರಿನ ಕೋಲು, ಬೆಂಡು, ಎರೆಹುಳು. ಆದರೆ ಅವನ ತಪ್ಪು ಮೀನಿನ ವಿಷಯದ್ದಲ್ಲ, ಭೌತವಿಜ್ಞಾನದ್ದು. ಹಾಗಾಗಿ ನಾನೂ ತಲೆ ಹಾಕಿದೆ.

ಕೆರೆಯ ಗಾಳ ಎಸೆಯುವಾಗ ದಾರದ ತುದಿಯಲ್ಲಿ ಸೀಸದ ಗುಂಡು ಇರುತ್ತದೆ. ಹಾರುವುದು ಗುಂಡು, ದಾರ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಇದು ಕವಣೆ ಕಲ್ಲಿನ ಲೆಕ್ಕ. ಫ್ಲೈ ಎಂದರೆ ನೊಣ. ಸಣ್ಣ ಕೊಕ್ಕೆಗೆ ಹುಂಜದ ಕುತ್ತಿಗೆಯ ಗರಿ, ರೇಷ್ಮೆ ಎಳೆ, ಮೊಲದ ತುಪ್ಪಳ ಸುತ್ತಿ ಕಟ್ಟಿದ ಹುಸಿ ನೊಣ. ಟ್ರೌಟಿಗೆ ಹಾಕುವ ತೇಲುವ ನೊಣ ಒಂದು ಗುಲಗಂಜಿಯಷ್ಟೂ ತೂಗುವುದಿಲ್ಲ. ಕೋಳಿಪುಕ್ಕವನ್ನು ಹದಿನೈದು ಮೀಟರ್ ದೂರ ಎಸೆದು ನೋಡಿ, ಕಷ್ಟ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ತೂಕವನ್ನು ದಾರಕ್ಕೇ ಕೊಟ್ಟಿದ್ದಾರೆ. ಪ್ಲಾಸ್ಟಿಕ್ ಲೇಪದ ದಪ್ಪ ದಾರ ಗಾಳಿಯಲ್ಲಿ ಹಾರುತ್ತದೆ, ನೊಣ ಗಾಡಿಯ ಕೆಳಗಿನ ನಾಯಿಯ ಹಾಗೆ ಸುಮ್ಮನೆ ಜೊತೆಗೆ ಹೋಗುತ್ತದೆ.

ಇದು ಕವಣೆಯಲ್ಲ, ಬಾರುಕೋಲು. ದುರುಗಮುರುಗಿಯವರು ಚಾಟಿ ಬೀಸುವುದನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಕೈ ನಿಂತ ಮೇಲೂ ಚಾಟಿಯ ಮಡಿಕೆ ಮುಂದೆ ಮುಂದೆ ಉರುಳುತ್ತದೆ. ಚಲಿಸುವ ಭಾಗ ಕ್ಷಣಕ್ಷಣಕ್ಕೂ ಚಿಕ್ಕದಾಗುತ್ತ ಹೋಗುವುದರಿಂದ ಇದ್ದ ಶಕ್ತಿಯೆಲ್ಲ ಆ ಚಿಕ್ಕ ತುಂಡಿಗೆ ಸೇರಿ, ಕೊನೆಗೆ ಚಾಟಿಯ ತುದಿ ಶಬ್ದದ ವೇಗವನ್ನೂ ಮೀರುತ್ತದೆ. ಆಗ ಕೇಳುವುದೇ ಆ 'ಚಟಾರ್'. ಫ್ಲೈ ದಾರವೂ ಹೀಗೇ ಬಿಚ್ಚಿಕೊಳ್ಳುತ್ತದೆ. ಆದರೆ ಇಲ್ಲಿ ಸದ್ದು ಬರಬಾರದು. ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಅವಸರದಿಂದ ಮುಂದಕ್ಕೆ ಬೀಸಿ ಬೆನ್ನ ಹಿಂದೆ 'ಚಟ್' ಎಂದಿತೋ, ನೊಣ ಕಿತ್ತುಹೋಯಿತೆಂದೇ ತಿಳಿಯಬೇಕು.

ಈಗ ಆ ನಂಬರಿಗೆ ಬರೋಣ. ಕೋಲಿನ ಮೇಲಿರುವುದು ಕೋಲಿನ ಗಟ್ಟಿತನವೂ ಅಲ್ಲ, ಹಿಡಿಯಬಹುದಾದ ಮೀನಿನ ತೂಕವೂ ಅಲ್ಲ. ಅದು ದಾರದ ನಂಬರು. ದಾರಗಳು ರೇಷ್ಮೆಯವಾಗಿದ್ದ ಕಾಲದಲ್ಲಿ ದಪ್ಪ ಅಳೆದು ಅಕ್ಷರಗಳಲ್ಲಿ ಗುರುತು ಹಾಕುತ್ತಿದ್ದರು. ಪ್ಲಾಸ್ಟಿಕ್ ಬಂದ ಮೇಲೆ ಒಂದೇ ದಪ್ಪದ ಎರಡು ದಾರ ಬೇರೆ ಬೇರೆ ತೂಗತೊಡಗಿದವು. 1960ರ ಸುಮಾರಿಗೆ ಅಮೆರಿಕದ ತಯಾರಕರ ಸಂಘ ದಪ್ಪವನ್ನು ಬಿಟ್ಟು ತೂಕವನ್ನು ಹಿಡಿಯಿತು. ತುದಿಯ ಕಡೆಯ 30 ಅಡಿ ದಾರ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗಿದರೆ ಅದು 5 ನಂಬರು. 210 ಗ್ರೇನ್ ತೂಗಿದರೆ 8. 280 ಗ್ರೇನ್, ಸುಮಾರು 18 ಗ್ರಾಂ, ಆದರೆ 10. ಒಂದು ಗ್ರೇನ್ ಎಂದರೆ ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಗುಲಗಂಜಿ. ಅಷ್ಟು ತೂಕದ ದಾರ ಗಾಳಿಯಲ್ಲಿದ್ದಾಗ ಹದವಾಗಿ ಬಾಗುವ ಕೋಲಿಗೆ ಅದೇ ನಂಬರು. ನಮ್ಮ ಹುಡುಗ ಗಟ್ಟಿ ಕೋಲು ಎಂದುಕೊಂಡು ಕೊಂಡದ್ದು ಎರಡು ಪಟ್ಟು ಭಾರದ ದಾರವನ್ನು.

'ಹದವಾಗಿ ಬಾಗುವುದು' ಎಂದೆ. ಬಾಗಬೇಕು ಯಾಕೆ? ಬಿಲ್ಲಿನ ಹಾಗೆ ಬಾಗಿ ಚಿಮ್ಮಿ ದಾರವನ್ನು ಎಸೆಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ನಿಜವಾದರೂ ಸಣ್ಣ ಪಾಲು. ಹೆಚ್ಚಿನ ಕೆಲಸ ಮಾಡುವುದು ಕೋಲಿನ ಉದ್ದ: ಮಣಿಕಟ್ಟು ಗೇಣಷ್ಟು ಚಲಿಸಿದರೆ ತುದಿ ಆಳುದ್ದ ಚಲಿಸುತ್ತದೆ. ಬಾಗುವುದರ ದೊಡ್ಡ ಉಪಕಾರ ಬೇರೆ. ಬಾಗದ ದೊಣ್ಣೆಯನ್ನು ಬೀಸಿದರೆ ಅದರ ತುದಿ ಕಮಾನಿನಂತೆ ಸುತ್ತುತ್ತದೆ, ದಾರವೂ ತುದಿ ಹೋದ ದಾರಿಯಲ್ಲೇ ಹೋಗಿ ಅಗಲವಾದ ಸೋಮಾರಿ ಬಳೆಯಾಗಿ ಗಾಳಿಗೆ ಸಿಕ್ಕಿ ನಿಲ್ಲುತ್ತದೆ. ಬಾಗುವ ಕೋಲು ಬೀಸಿನ ನಡುವೆ ಒಂದಿಷ್ಟು ಗಿಡ್ಡವಾಗಿ, ಕೊನೆಯಲ್ಲಿ ಮತ್ತೆ ನೆಟ್ಟಗಾಗುತ್ತದೆ. ಹೀಗಾಗಿ ತುದಿ ಹತ್ತಿರ ಹತ್ತಿರ ಸರಳರೇಖೆಯಲ್ಲಿ ಸಾಗಿ, ದಾರದ ಮಡಿಕೆ ಕಿರಿದಾಗಿ ಗಾಳಿಯನ್ನು ಸೀಳುತ್ತದೆ. ತುದಿಯಷ್ಟೇ ಬಾಗುವ ಕೋಲನ್ನು ಅಂಗಡಿಯವರು ಫಾಸ್ಟ್ ಎನ್ನುತ್ತಾರೆ, ಹಿಡಿಯವರೆಗೆ ಬಾಗುವುದನ್ನು ಸ್ಲೋ. ಹೊಸಬರಿಗೆ ಫಾಸ್ಟ್ ಮಾರುವುದು ಹೆಚ್ಚು. ನನ್ನ ಮತ ಕೇಳಿದರೆ ಮಧ್ಯಮದ್ದೇ ವಾಸಿ. ಅದರಲ್ಲಿ ದಾರದ ಭಾರ ಕೈಗೆ ಗೊತ್ತಾಗುತ್ತದೆ, ತಪ್ಪಿದ್ದು ಎಲ್ಲಿ ಎಂಬುದೂ.

ಅಬರ್ಡೀನ್ ನಗರ ಎರಡು ನದಿಗಳು ಸಮುದ್ರ ಸೇರುವ ಜಾಗ. ಉತ್ತರಕ್ಕೆ ಡಾನ್, ಅದು ಕಂದು ಟ್ರೌಟಿಗೆ ಹೆಸರಾದದ್ದು. ದಕ್ಷಿಣಕ್ಕೆ ಡೀ, ಸಾಲ್ಮನ್ನಿನ ನದಿ. ಒಂದೇ ಊರಿನ ಎರಡು ನದಿ ಎರಡು ಬೇರೆ ಕೋಲು ಕೇಳುತ್ತವೆ.

ಟ್ರೌಟ್ ಎಂದರೆ ತಿನ್ನುವುದೇ ಕಸುಬಾದ ಮೀನು. ಸೆಳವಿನ ಅಂಚಿನಲ್ಲಿ ನಿಂತು ತೇಲಿ ಬರುವ ಮೇಫ್ಲೈ ಹುಳುಗಳನ್ನು ಒಂದೊಂದಾಗಿ ಆರಿಸಿ ತಿನ್ನುತ್ತದೆ. ಹುಸಿ ನೊಣವೂ ಅವುಗಳಂತೆಯೇ ನೀರಿನ ವೇಗದಲ್ಲಿ ತೇಲಬೇಕು. ದಡದ ಬಳಿಯ ನಿಧಾನ ನೀರು, ನಡುವಿನ ಬಿರುಸು ನೀರು ದಾರವನ್ನು ಬೇರೆ ಬೇರೆ ಎಳೆದರೆ ನೊಣ ಹಿಂದೆ ಚಿಕ್ಕ ಗೆರೆ ಬಿಡುತ್ತ ಜಾರುತ್ತದೆ; ಟ್ರೌಟ್ ಅದನ್ನು ಮುಟ್ಟದು. ನೊಣಕ್ಕೆ ಕಟ್ಟಿದ ಕೊನೆಯ ನೈಲಾನ್ ಎಳೆ 0.15 ಮಿಲಿಮೀಟರ್ ದಪ್ಪ, ಎರಡು ಕೂದಲಿನಷ್ಟು. ಮೀನು ಹಠಾತ್ತನೆ ಎಳೆದಾಗ ಅದು ಹರಿಯದಂತೆ ಕಾಯುವುದು ಕೋಲಿನ ಮೆದು ತುದಿಯೇ. ಇದಕ್ಕೆಲ್ಲ 9 ಅಡಿಯ 5 ನಂಬರು ಸಾಕು. ಕೊಂಬೆಗಳು ಬಾಗಿದ ಕಿರುತೊರೆಗಾದರೆ 7 ಅಡಿಯ 3 ನಂಬರು. ಅದರ ಬದಲು 10 ನಂಬರಿನ ದಾರ ಬಿದ್ದರೆ? ನೀರಿಗೆ ಹಗ್ಗ ಹೊಡೆದಂತೆ. ನಾಲ್ಕು ಶನಿವಾರ ಡಾನ್ ನದಿಯ ಟ್ರೌಟುಗಳು ಓಡಿಹೋದದ್ದು ಆ ಸದ್ದಿಗೆ.

ಸಾಲ್ಮನ್ನಿನ ಕತೆಯೇ ವಿಚಿತ್ರ. ಸಮುದ್ರದಲ್ಲಿ ತಿಂದು ಕೊಬ್ಬಿ, ಹುಟ್ಟಿದ ನದಿಗೆ ಮೊಟ್ಟೆಯಿಡಲು ಮರಳಿ ಬರುವ ಈ ಮೀನು ನದಿಗೆ ಕಾಲಿಟ್ಟ ಮೇಲೆ ಊಟವನ್ನೇ ಬಿಡುತ್ತದೆ. ಹಸಿವಿಲ್ಲದ ಮೀನು ನೊಣಕ್ಕೆ ಬಾಯಿ ಹಾಕುವುದೇಕೆ? ಸಿಟ್ಟೋ, ಎಳವೆಯ ಅಭ್ಯಾಸವೋ, ವಾದ ಮುಗಿದಿಲ್ಲ. ಹೀಗಾಗಿ ಇಲ್ಲಿ ನಾಜೂಕಿಗಿಂತ ವಿಸ್ತಾರ ಮುಖ್ಯ. ನೊಣವನ್ನು ಅಗಲ ನದಿಗೆ ಅಡ್ಡಡ್ಡ ತೇಲಿಸುತ್ತ, ಎರಡು ಹೆಜ್ಜೆ ಕೆಳಗೆ ಸರಿಯುತ್ತ, ಮಡುವನ್ನು ಪೂರ್ತಿ ಜಾಲಾಡಬೇಕು. ಬೆನ್ನ ಹಿಂದೆ ಮರಗಳಿದ್ದರೆ ದಾರವನ್ನು ಹಿಂದಕ್ಕೆ ಹಾರಿಸಲೂ ಜಾಗವಿಲ್ಲ. ಅದಕ್ಕೆ ಸ್ಕಾಟ್ಲೆಂಡಿನವರು ಕಂಡುಕೊಂಡದ್ದು ಸ್ಪೇ ನದಿಯ ಹೆಸರಿನ ಸ್ಪೇ ಬೀಸು: ದಾರದ ತುದಿ ನೀರಿಗೆ ಅಂಟಿಕೊಂಡಿದ್ದಂತೆ ಪಕ್ಕದಲ್ಲೇ ಒಂದು ಬಳೆ ಮಾಡಿ ಮುಂದಕ್ಕೆ ಉರುಳಿಸುವುದು. ಎರಡೂ ಕೈಯಲ್ಲಿ ಹಿಡಿಯುವ 13ರಿಂದ 15 ಅಡಿಯ ಕೋಲು ಬೇಕಾಗುವುದು ಇದಕ್ಕೆ. ನಂಬರಿನಲ್ಲಿ ಇಲ್ಲೊಂದು ಮೋಸವಿದೆ. ಎರಡು ಕೈಯ 9 ನಂಬರಿನ ದಾರ ಒಂದು ಕೈಯ 9 ನಂಬರಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತೂಗುತ್ತದೆ. ಹೆಸರು ಒಂದೇ, ಮನೆ ಬೇರೆ.

ಇಲ್ಲಿ ಬಲವಾದ ಕೋಲು ಬೇಕೆನ್ನುವುದು ಮೀನಿನ ಹಿತಕ್ಕೂ ಹೌದು. ಬ್ರಿಟನ್ನಿನ ಅಟ್ಲಾಂಟಿಕ್ ಸಾಲ್ಮನ್ 2023ರಲ್ಲಿ ಅಳಿವಿನಂಚಿನ ಕೆಂಪು ಪಟ್ಟಿ ಸೇರಿತು. ಡೀ ನದಿಯಲ್ಲಿ ಹಿಡಿದದ್ದನ್ನು ಬಿಟ್ಟುಬಿಡುವುದು ವಾಡಿಕೆ. ಮೆದು ಕೋಲಿನಲ್ಲಿ ಅರ್ಧ ಗಂಟೆ ಸೆಣಸಿ ಸುಸ್ತಾದ ಮೀನನ್ನು ನೀರಿಗೆ ಬಿಟ್ಟರೂ ಅದು ಬದುಕುತ್ತದೆಂಬ ಭರವಸೆಯಿಲ್ಲ.

ಕೋಲಿನ ಮೈಯ ಚರಿತ್ರೆಯಲ್ಲಿ ನಮಗೂ ಒಂದು ಸಣ್ಣ ಪಾಲಿದೆ. ಮೊದಲು ದಕ್ಷಿಣ ಅಮೆರಿಕದ ಗ್ರೀನ್‌ಹಾರ್ಟ್ ಮರದ ಕೋಲುಗಳು. ಇನ್ವರ್ನೆಸ್ಸಿನ ಅಲೆಕ್ಸಾಂಡರ್ ಗ್ರಾಂಟ್ ಎಂಬ ಪಿಟೀಲು ತಯಾರಕ, ಲೋಹದ ಕೊಳವೆಯ ಜೋಡಣೆ ಕೋಲಿನ ಕಂಪನವನ್ನು ಕೊಲ್ಲುತ್ತದೆಂದು ಮರಕ್ಕೆ ಮರವನ್ನೇ ಓರೆಯಾಗಿ ಬೆಸೆದು ಕೋಲು ಮಾಡುತ್ತಿದ್ದ. ಆಮೇಲೆ ಬಂದದ್ದು ಬಿದಿರು. ಬಿದಿರಿನ ಬಲವೆಲ್ಲ ಸಿಪ್ಪೆಯ ಪಕ್ಕದ ನಾರಿನಲ್ಲಿದೆ ಎಂಬುದು ನಮ್ಮ ಮೇದರಿಗೆ ಗೊತ್ತೇ ಇದೆ. ಆ ಹೊರಭಾಗವನ್ನಷ್ಟೇ ಮುಮ್ಮೂಲೆಯ ದಬ್ಬೆಗಳಾಗಿ ಸೀಳಿ, ಆರನ್ನು ಅಂಟಿಸಿದರೆ ಷಟ್ಕೋನದ ಕೋಲು. ಹತ್ತೊಂಬತ್ತನೇ ಶತಮಾನದಲ್ಲಿ ಇದಕ್ಕೆ ಹೋಗುತ್ತಿದ್ದದ್ದು ಭಾರತದ ಬಿದಿರು, ಅಲ್ಲಿಯವರ ಬಾಯಲ್ಲಿ 'ಕಲ್ಕತ್ತಾ ಕೇನ್'. ಅದನ್ನು ಚೀನಾದ ಗುವಾಂಗ್‌ಡಾಂಗ್‌ನ ಟಾಂಕಿನ್ ಬಿದಿರು ಹಿಂದೆ ಹಾಕಿತು. 1950ರಲ್ಲಿ ಅಮೆರಿಕ ಚೀನಾದೊಂದಿಗಿನ ವ್ಯಾಪಾರ ನಿಲ್ಲಿಸಿದಾಗ ಅಲ್ಲಿ ಬಿದಿರಿನ ಬರ ಬಿದ್ದು ಗಾಜಿನ ನಾರಿನ ಕೋಲುಗಳಿಗೆ ಕಾಲ ಬಂತು. 1970ರ ದಶಕದಲ್ಲಿ ಕಾರ್ಬನ್ ನಾರು ಬಂದು ಉಳಿದೆಲ್ಲವನ್ನೂ ಹವ್ಯಾಸಿಗಳ ಗೋಡೆಗೆ ತೂಗುಹಾಕಿತು. ಈ ಕಾರ್ಬನ್ ಕೋಲು ಸೀಳದ ಬಿದಿರಿನಂತೆ ಪೊಳ್ಳು, ಹಗುರ. ಒಂದೇ ಎಚ್ಚರಿಕೆ: ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ. ಮೇಲೆ ವಿದ್ಯುತ್ ತಂತಿ ಇರುವ ಕಡೆ 15 ಅಡಿಯ ಕೋಲು ಎತ್ತಿದವರು ಸತ್ತದ್ದುಂಟು.

ಎರಡೂ ನದಿಗೆ ಒಂದೇ ಕೋಲು ಆಗದೇ ಎಂದು ಹುಡುಗ ಕೇಳಿದ. 10 ಅಡಿಯ 7 ನಂಬರು ಇದೆ. ಡಾನ್ ನದಿಗೆ ಭಾರ, ಡೀ ನದಿಗೆ ಗಿಡ್ಡ. ಕೊಳ್ಳದಿರುವುದೇ ಮೇಲು. ಮೊದಲು 5 ನಂಬರಿನದನ್ನು ಕೊಂಡು ಬೀಸುವುದನ್ನು ಕಲಿ, ಸಾಲ್ಮನ್ ಕೋಲನ್ನು ಬಾಡಿಗೆಗೆ ತಂದು ನೋಡು ಎಂದೆ. ನೀವೂ ಆ ಕಡೆ ಇದ್ದು ಕೊಳ್ಳುವ ಯೋಚನೆಯಲ್ಲಿದ್ದರೆ ಅಂಗಡಿಯೊಳಗೆ ಕೋಲನ್ನು ಖಾಲಿ ಅಲ್ಲಾಡಿಸಿ ನೋಡಿ ದುಡ್ಡು ಕೊಡಬೇಡಿ. ದಾರ ಏರಿಸಿಕೊಡಿ ಎಂದು ಕೇಳಿ, ಕೊಕ್ಕೆಯ ಜಾಗದಲ್ಲಿ ಒಂದು ತುಂಡು ಉಣ್ಣೆ ಕಟ್ಟಿಕೊಂಡು ಹುಲ್ಲಿನ ಮೇಲೆ ಹತ್ತು ಸಲ ಬೀಸಿ. ಹೊರಗೆ ಬಿಡದ ಅಂಗಡಿಯಾದರೆ ಮುಂದಿನ ಅಂಗಡಿಗೆ ನಡೆಯಿರಿ.