ತೊಟ್ಟಿಗೆ ಇಳಿಯದೆ ತೊಟ್ಟಿ ತೊಳೆಯೋದು

ನಮ್ಮದು ಕುಶಾಲನಗರ ತಾಲೂಕಿನ ಶಿರಂಗಾಲದ ಕಡೆ. ಕೊಡಗು ಅಂದ ಕೂಡಲೆ ಎಲ್ಲರೂ ಮಳೆ, ಕಾಫಿ, ಕಿತ್ತಳೆ ಅಂತಾರೆ. ನಮ್ಮ ಮೂಲೆಗೆ ಮಡಿಕೇರಿ ಮಳೆಯ ಅರ್ಧವೂ ಬೀಳೋದಿಲ್ಲ. ಹಾರಂಗಿ ನಾಲೆ ನೀರು ನಮ್ಮ ದಿಣ್ಣೆಗೆ ಹತ್ತೋದಿಲ್ಲ. ಎರಡು ಎಕರೆಯಲ್ಲಿ ಒಂದೂವರೆ ಎಕರೆ ರಾಗಿ, ಮುಸುಕಿನ ಜೋಳ ಮಳೆ ನಂಬಿ ಬೆಳೀತೀನಿ. ಉಳಿದ ಅರ್ಧ ಎಕರೆಗೆ ಬೋರಿನ ನೀರಲ್ಲಿ ಮೆಣಸಿನಕಾಯಿ. ಬೋರಲ್ಲಿ ಬರೋದು ಒಂದೂವರೆ ಇಂಚಿನ ಪೈಪು ತುಂಬದಷ್ಟು ನೀರು. ಕರೆಂಟು ಬಂದಾಗ ಅದನ್ನು ತೊಟ್ಟಿಗೆ ತುಂಬಿಸಿ, ಬೆಳಗ್ಗೆ ಇಳಿಜಾರಿನಲ್ಲಿ ಹನಿ ಪೈಪಿಗೆ ಬಿಡೋದು ರೂಢಿ.

ಆ ತೊಟ್ಟಿ 20 ಅಡಿ ಉದ್ದ, 10 ಅಡಿ ಅಗಲ, ನಾಲ್ಕಡಿ ಎತ್ತರ. ಹೊಲದ ಮೇಲ್ಗಡೆ ಮೂಲೆಯಲ್ಲಿ ನೆಲದ ಮೇಲೇ ಸಿಮೆಂಟ್ ಇಟ್ಟಿಗೆ ಪೇರಿಸಿ, ಒಳಗೆ ಟಾರ್ಪಾಲು ಹಾಸಿದ್ದೆ. ಮೂರೂವರೆ ಅಡಿ ತುಂಬಿದರೆ ಸುಮಾರು 20 ಸಾವಿರ ಲೀಟರ್. ನಮ್ಮ ಬೋರಿನ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಗಾಳಿ ತಾಗಿದ್ದೇ ತಡ, ತುಕ್ಕಿನ ಬಣ್ಣದ ನುಣುಪು ಕೆಸರಾಗಿ ತಳಕ್ಕೆ ಇಳಿಯುತ್ತೆ. ಅದರ ಮೇಲೆ ಬಿಸಿಲಿಗೆ ಪಾಚಿ. ತಿಂಗಳಿಗೊಮ್ಮೆ ಇಳಿದು ಗುದ್ದಲಿ, ಪೊರಕೆಯಲ್ಲಿ ಎಳೆದು ಹಾಕಲೇಬೇಕು.

2022ರ ಮಾರ್ಚಿಯಲ್ಲಿ ಹೀಗೆ ತೊಳೆಯುವಾಗ ಎರಡು ಕೆಲಸ ಕೆಟ್ಟವು. ನನ್ನ ಗುದ್ದಲಿ ತುದಿ ತಾಗಿ ಟಾರ್ಪಾಲು ಹರಿಯಿತು. ಗೊತ್ತಾಗದೆ ರಾತ್ರಿ ತುಂಬಿಸಿದೆ, ಬೆಳಗ್ಗೆ ನೋಡಿದರೆ ತೊಟ್ಟಿ ಬರಿದು. ಅದಕ್ಕಿಂತ ದೊಡ್ಡದು, ಹೆಂಡತಿ ಪಾಚಿ ಮೇಲೆ ಕಾಲಿಟ್ಟು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ. ಈಗಲೂ ಕೊಡ ಎತ್ತುವಾಗ ಎಡಗೈ ಮುಂದೆ ಮಾಡುತ್ತಾಳೆ. ಅಂದು ಆಸ್ಪತ್ರೆಯಿಂದ ಬರುವಾಗ ಅವಳು ಒಂದೇ ಮಾತು ಹೇಳಿದ್ದು: "ಇನ್ನು ಆ ತೊಟ್ಟಿಗೆ ಯಾರೂ ಇಳಿಯೋದು ಬೇಡ." ನಾನು ಹೂಂ ಅಂದೆ. ಆದರೆ ಇಳಿಯದೆ ತೊಳೆಯೋದು ಹ್ಯಾಗೆ? ಗೊತ್ತಿರಲಿಲ್ಲ. ಆ ಬೇಸಿಗೆ ತೊಳೆಯದೇ ಬಿಟ್ಟೆ. ಕೆಸರು ಹನಿ ಪೈಪಿಗೆ ಹೋಗಿ ತೂತು ಕಟ್ಟಿಕೊಂಡು ಕೆಳಗಿನ ಸಾಲಿನ ಮೆಣಸಿನ ಗಿಡಗಳು ಹೂ ಬಿಟ್ಟ ಹಾಗೇ ಒಣಗಿದವು.

ಈಜು ಕೊಳದ ಪಾಠ

ಉತ್ತರ ಸಿಕ್ಕಿದ್ದು ಎಲ್ಲೂ ಅಲ್ಲ, ಈಜು ಕೊಳದಲ್ಲಿ. ನಗಬೇಡಿ. ನನ್ನ ಭಾವಮೈದುನನ ಮಗ ಮಡಿಕೇರಿ ಆಚೆ ಕಾಫಿ ತೋಟದಲ್ಲಿ ಹೋಂಸ್ಟೇ ಮಾಡಿದ್ದಾನೆ. ಬಂದ ಮಕ್ಕಳು ನೀರಾಡಲಿ ಅಂತ ನೆಲದ ಮೇಲೇ ಕೂರಿಸುವ ಕೊಳ ತಂದಿದ್ದ. ಗುಂಡಗೆ, ಸುತ್ತ ತಗಡು, ಒಳಗೆ ಪ್ಲಾಸ್ಟಿಕ್ ಹೊದಿಕೆ. 15 ಅಡಿ ಅಡ್ಡಳತೆ, ನಾಲ್ಕಡಿ ಎತ್ತರ. 2023ರ ಜನವರಿಯಲ್ಲಿ ಫೋನ್ ಮಾಡಿ, "ಮಾವ, ಸಿಲ್ವರ್ ಓಕ್ ಎಲೆ ಬಿದ್ದೂ ಬಿದ್ದೂ ಸಾಕಾಗಿದೆ. ತಾನೇ ಓಡಾಡಿ ಕ್ಲೀನ್ ಮಾಡೋ ಮಿಷನ್ ತರಿಸಿದ್ದೆ, ಅದು ಓಡೋದೇ ಇಲ್ಲ. ನಿಮಗೆ ಪಂಪಿನ ವಿಷಯ ಗೊತ್ತಲ್ಲ, ಬನ್ನಿ" ಅಂದ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಮೂವತ್ತು ವರ್ಷ ಪಂಪು ಬಿಚ್ಚಿ ಜೋಡಿಸಿದ್ದೀನಿ. ಹೋದೆ.

ಮಿಷನ್ ತಳದಲ್ಲಿ ಸತ್ತ ಏಡಿ ತರ ಕೂತಿತ್ತು. ಅಲ್ಲೇ ಎರಡು ದಿನ ಇದ್ದು, ಅದರ ಪುಸ್ತಕ ಅವನ ಕೈಲಿ ಓದಿಸಿ, ಮಾರುವವರ ಹತ್ತಿರ ಕೇಳಿ ತಿಳಿದುಕೊಂಡದ್ದು ಇಷ್ಟು. ಇಂಥ ಮಿಷನ್ನುಗಳಲ್ಲಿ ಮೂರು ಜಾತಿ.

ಒಂದು, ಹೀರುವ ಜಾತಿ. ಇದಕ್ಕೆ ಮೋಟರ್ ಇಲ್ಲ. ಕೊಳದ ಪಂಪು ನೀರೆಳೆಯುವ ಬಾಯಿಗೆ ಉದ್ದ ಹೋಸ್ ಸಿಕ್ಕಿಸಬೇಕು. ಆ ಎಳೆತದಲ್ಲೇ ಕುಪ್ಪಳಿಸುತ್ತಾ ತಳದ ಕಸ ಹೀರುತ್ತೆ. 1974ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಫರ್ಡಿನಾಂಡ್ ಶೋವಿಯೇ ಅನ್ನುವ ಎಂಜಿನಿಯರ್ ಮಾಡಿದ ಕ್ರೀಪಿ ಕ್ರಾಲಿ ಈ ಜಾತಿಯಲ್ಲಿ ಹೆಸರುವಾಸಿ. ಬೆಲೆ ಕಡಿಮೆ. ಆದರೆ ಪಂಪಿಗೆ ಕಸುವು ಇರಬೇಕು. ಎಲೆಯೆಲ್ಲ ಪಂಪಿನ ಬುಟ್ಟಿಗೇ ಹೋಗಿ ಕಟ್ಟಿಕೊಳ್ಳುತ್ತೆ.

ಎರಡು, ಒತ್ತಡದ ಜಾತಿ. ಪಂಪು ವಾಪಸ್ ದೂಡುವ ನೀರಿನ ಬಲದಲ್ಲಿ ಓಡುತ್ತೆ. ಬೆನ್ನಿಗೆ ಒಂದು ಚೀಲ, ಕಸ ಅದರಲ್ಲಿ. ಎಲೆಗೆ ಒಳ್ಳೇದು. ಕೆಲವಕ್ಕೆ ಇನ್ನೊಂದು ಪಂಪು ಬೇಕು.

ಮೂರು, ಕರೆಂಟಿನ ಜಾತಿ. ರೋಬೋ ಅಂತಾರೆ. ಒಳಗೇ ಮೋಟರ್, ಒಳಗೇ ಕಸದ ಬುಟ್ಟಿ. ಕೊಳದ ಪಂಪಿಗೂ ಅದಕ್ಕೂ ಸಂಬಂಧ ಇಲ್ಲ. ದುಡ್ಡು ಜಾಸ್ತಿ.

ಅವನು ತಂದದ್ದು ಮೊದಲನೇ ಜಾತಿ, ಅದೂ ನೆಲದೊಳಗೆ ಕಟ್ಟಿದ ದೊಡ್ಡ ಕೊಳಕ್ಕೆ ಮಾಡಿದ್ದು. ಇವನ ಕೊಳದ ಪಂಪೋ ಅಕ್ವೇರಿಯಂ ಪಂಪಿನ ಅಣ್ಣ. ಎಳೆಯಲು ಶಕ್ತಿ ಎಲ್ಲಿಂದ ಬರಬೇಕು? ಮಾರಿದವರು ಪಂಪಿನ ಅಳತೆ ಕೇಳಲಿಲ್ಲ, ಇವನೂ ಹೇಳಲಿಲ್ಲ. ಬೋರಿನ ಆಳ ನೋಡದೆ ಮೋಟರ್ ತಂದಂತೆ ಆಯಿತು.

ಕೊನೆಗೆ ಸಮತಟ್ಟು ತಳಕ್ಕೆ ಅಂತಲೇ ಮಾಡಿದ ಹಗುರ ರೋಬೋ ತಂದ. ಗೋಡೆ ಹತ್ತುವ ಮಿಷನ್ನಿಗೆ ಇನ್ನೂ ದುಡ್ಡು. ನಾಲ್ಕಡಿ ಗೋಡೆಯನ್ನು ಹೊರಗೆ ನಿಂತೇ ಬ್ರಶ್ಶಿನಲ್ಲಿ ಉಜ್ಜಬಹುದು, ಅದು ಬೇಡ ಅಂದೆ. ಚಕ್ರ ಮೆತ್ತಗಿದೆಯಾ, ಅಡಿಯಲ್ಲಿ ಚೂಪು ಅಂಚು ಇದೆಯಾ ಅಂತ ಕೈಯಾಡಿಸಿ ನೋಡಿದೆವು. ಹೊದಿಕೆ ಹರಿದರೆ ಮಿಷನ್ ಉಳಿಸಿದ ದುಡ್ಡು ಅಲ್ಲಿಗೇ. ವಯರು ಕೊಳದ ಆಚೆ ತುದಿ ಮುಟ್ಟುತ್ತದಾ ಅಳೆದೆವು. ಕರೆಂಟ್ ಡಬ್ಬಿ ನೀರಿನಿಂದ ದೂರ ಇಟ್ಟು, ಲೈನಿಗೆ ಇಎಲ್‌ಸಿಬಿ ಹಾಕಿಸಿದೆ. ಮಿಷನ್ ನೀರಲ್ಲಿ ಇರುವಾಗ ಯಾರೂ ಇಳಿಯಬಾರದು ಅಂತ ಬೋರ್ಡು ಬರೆಸಿದೆ. ಪಂಪು ನೀರೆಳೆಯುವ ಬಾಯಿಗೆ ಜಾಲರಿ ಇಲ್ಲದಿದ್ದರೆ ಮಕ್ಕಳ ಕೂದಲು, ಕೈ ಸಿಕ್ಕಿಕೊಳ್ಳುವ ಅಪಾಯ ಉಂಟು, ಅದನ್ನೂ ಸರಿ ಮಾಡಿಸಿದೆ. ಕ್ಲೋರಿನ್ ಹಾಕಿದ ನೀರನ್ನು ತೋಡಿಗೆ ಬಿಡಬೇಡ, ಅದು ಹೋಗಿ ಸೇರೋದು ಕಾವೇರಿಗೇ ಅಂತ ಹೇಳಿ ಬಂದೆ.

ಆ ರೋಬೋ ದುಡ್ಡಿಗೆ ನಮ್ಮ ಕಡೆ ಕರೆಯುವ ಹಸು ಒಂದು ಬರುತ್ತೆ. ನಮಗದು ಆಗುವ ಮಾತಲ್ಲ. ಆದರೆ ಬರಿಗೈಲಿ ಬರಲಿಲ್ಲ.

ನಾನು ಕಂಡ ಎರಡು ಸಂಗತಿ

ಮೊದಲನೇದು, ಕೊಳ ನೆಲದ ಮೇಲೆ ಇದೆ. ಅಂದರೆ ತಳದ ನೀರೂ ಹೊರಗಿನ ಇಳಿಜಾರಿಗಿಂತ ಮೇಲೆ. ಹಾಗಿದ್ದ ಮೇಲೆ ಹೀರಲು ಪಂಪು ಯಾಕೆ? ಡೀಸೆಲ್ ಡ್ರಮ್ಮಿಂದ ಪೈಪು ಇಳಿಬಿಟ್ಟು ಎಳೆಯುವ ಹಾಗೆ ನೀರೇ ಕೆಸರನ್ನು ಎಳೆದೊಯ್ಯುತ್ತೆ.

ಎರಡನೇದು, ಪಂಪಿನಿಂದ ವಾಪಸ್ ಬರುವ ನೀರಿನ ಬಾಯಿ ಒಂದು ದಿನ ಓರೆಯಾಗಿ ಗೋಡೆಗುಂಟ ತಿರುಗಿತ್ತು. ಕೊಳದ ನೀರೆಲ್ಲ ನಿಧಾನ ಸುತ್ತುತ್ತಿತ್ತು. ಪಂಪು ನಿಲ್ಲಿಸಿ ಸ್ವಲ್ಪ ಹೊತ್ತಿಗೆ ನೋಡಿದರೆ ತಳದ ದೂಳೆಲ್ಲ ನಟ್ಟನಡುವೆ ತಟ್ಟೆಯಷ್ಟು ಜಾಗದಲ್ಲಿ ಗುಡ್ಡೆ! ಲೋಟದಲ್ಲಿ ಟೀ ಕಲಕಿ ಬಿಟ್ಟರೆ ಸೊಪ್ಪು ನಡುವೆ ಬಂದು ಕೂರುತ್ತಲ್ಲ, ಹಾಗೆ. ಮೀನು ಸಾಕುವವರು ಗುಂಡು ಟಾರ್ಪಾಲು ತೊಟ್ಟಿಯ ನಡುವೆ ತೂತು ಇಡೋದೂ ಇದಕ್ಕೇ ಅಂತ ಆಮೇಲೆ ತಿಳಿಯಿತು. ನನ್ನ ಚಚ್ಚೌಕದ ತೊಟ್ಟಿಯಲ್ಲಿ ಕೆಸರು ಮೂಲೆ ಮೂಲೆಗೆ ಸೇರುತ್ತಿದ್ದುದು ಯಾಕೆ ಅಂತ ಅವತ್ತು ಅರ್ಥವಾಯಿತು.

ಮೊದಲು ಹೀರುವ ಪೊರಕೆ

ಊರಿಗೆ ಬಂದು ಮೊದಲು ಖರ್ಚಿಲ್ಲದ್ದು ಮಾಡಿದೆ. ಹತ್ತಡಿ ಉದ್ದದ ಒಂದಿಂಚು ಪಿವಿಸಿ ಪೈಪಿನ ತುದಿಗೆ ಟಿ ಹಾಕಿ, ಅಡ್ಡಕ್ಕೆ ಒಂದೂವರೆ ಅಡಿ ಪೈಪು. ಅದರ ಎರಡು ತುದಿ ಮುಚ್ಚಿ, ಅಡಿಯಲ್ಲಿ ಗರಗಸದಿಂದ ಸೀಳು. ಅಂಚಿಗೆ ಬೈಕಿನ ಹಳೇ ಟ್ಯೂಬು ಸುತ್ತಿದೆ, ಟಾರ್ಪಾಲು ಗೀಚಬಾರದು ಅಂತ. ಹಿಡಿಯ ಮೇಲ್ತುದಿಗೆ 30 ಅಡಿ ಹೋಸ್. ಹೋಸಿನಲ್ಲಿ ನೀರು ತುಂಬಿಸಿ, ಬಾಯಿ ಮುಚ್ಚಿ, ತೊಟ್ಟಿಯ ಹೊರಗೆ ತಗ್ಗಿನಲ್ಲಿ ಬಿಚ್ಚಿದರೆ ಎಳೆತ ಶುರು. ಹೊರಗೆ ಕಲ್ಲಿನ ಮೇಲೆ ನಿಂತು ಪೊರಕೆ ಎಳೆದ ಹಾಗೆ ನಿಧಾನ ಎಳೆಯೋದು. ಬೇಗ ಎಳೆದರೆ ಕೆಸರು ಎದ್ದುಬಿಡುತ್ತೆ. 20 ಲೀಟರಿನ ಬಕೆಟ್ ಅರ್ಧ ನಿಮಿಷಕ್ಕೆ ತುಂಬಿತು. 12 ನಿಮಿಷದ ಕೆಲಸಕ್ಕೆ 480 ಲೀಟರ್ ನೀರು ಹೊರಗೆ. ಅದನ್ನು ಬಾಳೆ ಪಾತಿಗೆ ಬಿಟ್ಟೆ.

ಇಳಿಯೋದು ತಪ್ಪಿತು. ಆದರೆ 2023ರಲ್ಲಿ ಮಳೆ ಕೈಕೊಟ್ಟಿತು, ಸರಕಾರ ರಾಜ್ಯದ ಬಹುಪಾಲು ತಾಲೂಕುಗಳನ್ನೇ ಬರಪೀಡಿತ ಅಂತ ಸಾರಿತು. ಬೋರು ಸೊರಗಿತು. ವಾರವಾರ 480 ಲೀಟರ್ ಹೊಟ್ಟೆ ಉರಿಸಿತು.

ಆಮೇಲೆ ಗುಂಡು ತೊಟ್ಟಿ

2024ರ ಜನವರಿಯಲ್ಲಿ ಹಳೇ ತೊಟ್ಟಿ ಬಿಚ್ಚಿ, ಕೊಳದ ಅಳತೆಗೇ ಗುಂಡು ತೊಟ್ಟಿ ಮಾಡಿದೆ. ಕಬ್ಬಿಣದ ವೆಲ್ಡ್ ಮೆಶ್ ಸುತ್ತು, ಒಳಗೆ ದಪ್ಪ ಗೋಣಿ, ಅದರ ಮೇಲೆ ಟಾರ್ಪಾಲು. ನೆಲವನ್ನು ನಡುವಿಗೆ ನಾಲ್ಕು ಇಂಚು ತಗ್ಗು ಬರುವ ಹಾಗೆ ಜರಡಿ ಮಣ್ಣಲ್ಲಿ ತಟ್ಟಿದೆ. ನಡುವೆ ಎರಡಿಂಚಿನ ತೂತು, ಅಡಿಯಿಂದ ಪೈಪು, ಹೊರಗೆ ಗೇಟ್ ವಾಲ್ವು. ಹನಿ ಪೈಪಿಗೆ ನೀರು ಹೋಗುವ ಬಾಯಿ ಪಕ್ಕದಲ್ಲಿ, ತಳದಿಂದ ಒಂಬತ್ತಿಂಚು ಮೇಲೆ. ಬೋರಿನ ಪೈಪಿಗೆ ಎಲ್ಬೋ ಹಾಕಿ ನೀರು ಗೋಡೆಗುಂಟ ಓರೆಯಾಗಿ ಬೀಳುವಂತೆ ಮಾಡಿದೆ. ಬಾಯಿ ನೀರಿನ ಮೇಲೇ ಇರಲಿ. ಮುಳುಗಿಸಿದರೆ ಮೋಟರ್ ನಿಂತಾಗ ನೀರು ವಾಪಸ್ ಬೋರಿಗೆ ಎಳೆದುಕೊಳ್ಳುವ ಭಯ.

ರಾತ್ರಿ ಐದಾರು ಗಂಟೆ ತುಂಬುವಾಗ ನೀರು ಸುತ್ತುತ್ತೆ. ಮೋಟರ್ ನಿಂತ ಮೇಲೆ ಕೆಸರು ನಡುವೆ ಇಳಿಯುತ್ತೆ. ಬೆಳಗ್ಗೆ ಹನಿ ಪೈಪು ತೆರೆಯುವ ಮೊದಲು ನಡುವಿನ ವಾಲ್ವು ಅರ್ಧ ನಿಮಿಷ ತೆರೆದರೆ ಇಟ್ಟಿಗೆ ಬಣ್ಣದ ನೀರು ಭುಸ್ ಅಂತ ಬಂದು ತಿಳಿಯಾಗುತ್ತೆ. ಹೋಗೋದು ನೂರು-ನೂರೈವತ್ತು ಲೀಟರ್, ಅದೂ ಬಾಳೆಗೇ. ಇದೇ ನನ್ನ ತಾನೇ ಓಡುವ ಮಿಷನ್. ಓಡೋದು ನೀರು, ಕರೆಂಟು ಬೋರಿಗೆ ಹೇಗೂ ಸುಡುವಷ್ಟೇ.

ತಪ್ಪುಗಳು, ಕೊರತೆಗಳು

ಎಲ್ಲ ಸರಿಯಾಯಿತು ಅಂದರೆ ಸುಳ್ಳು. ನಡುವಿನ ತೂತಿನ ಜೋಡಣೆ ಮೊದಲ ಸಲ ಸೋರಿತು. ಟಾರ್ಪಾಲಿನ ಮೇಲೆ ಕೆಳಗೆ ಎರಡೂ ಕಡೆ ರಬ್ಬರ್ ವಾಷರ್ ಇಟ್ಟು ಫ್ಲಾಂಜ್ ಬಿಗಿದ ಮೇಲೆ ನಿಂತಿತು. ಒಂದು ಕಡೆ ನೆಲ ಮೆತ್ತಗಿದ್ದು ಸುತ್ತು ಉಬ್ಬಿತ್ತು. 20 ಸಾವಿರ ಲೀಟರ್ ಅಂದರೆ 20 ಟನ್ ಭಾರ, ನೆಲ ದಿಮ್ಮಿಸದೆ ಕೂರಿಸಬೇಡಿ. ಎಲ್ಲ ಕೆಸರೂ ನಡುವೆ ಬರೋದಿಲ್ಲ, ತೆಳುವಾಗಿ ಒಂದು ಪದರ ಉಳಿಯುತ್ತೆ. ಅದಕ್ಕೆ ತಿಂಗಳಿಗೊಮ್ಮೆ ಹೀರುವ ಪೊರಕೆ ಆಡಿಸ್ತೀನಿ. ಹನಿ ಪೈಪಿಗೆ ಜಾಲರಿ ಫಿಲ್ಟರ್ ಈಗಲೂ ಬೇಕು. ಆದರೆ ದಿನಾ ಬಿಚ್ಚಿ ತೊಳೆಯುತ್ತಿದ್ದದ್ದು ವಾರಕ್ಕೊಮ್ಮೆಗೆ ಬಂದಿದೆ.

ಪಾಚಿಗೆ ಮದ್ದು ಹಾಕಲಿಲ್ಲ. ಮೇಲೆ ದಟ್ಟ ನೆರಳು ಬಲೆ ಕಟ್ಟಿದೆ. ಬಿಸಿಲು ಇಲ್ಲದ ಕಡೆ ಪಾಚಿಗೆ ಬದುಕಿಲ್ಲ. ಎಲೆಯೂ ಬೀಳೋದಿಲ್ಲ. ಸೊಳ್ಳೆ ಮರಿಗೆ ಹತ್ತು ಗಪ್ಪಿ ಮೀನು ಬಿಟ್ಟಿದ್ದೀನಿ. ವಾಲ್ವು ಬಾಯಿಗೆ ಜಾಲರಿ ಹಾಕಬೇಡಿ, ಕೆಸರು ಕಟ್ಟುತ್ತೆ. ಒಂದೆರಡು ಮೀನು ಹೋದಾವು, ಉಳಿದವು ಮರಿ ಹಾಕ್ತವೆ.

ಹೊಂಡ ಇರುವವರಿಗೆ ಒಂದು ಮಾತು

2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಬಯಲುಸೀಮೆ ಕಡೆ ಪ್ಲಾಸ್ಟಿಕ್ ಹೊದೆಸಿದ ಕೃಷಿ ಹೊಂಡಗಳು ತುಂಬಾ ಆದವು. ನೆಲದೊಳಗಿನ ಹೊಂಡಕ್ಕೆ ನನ್ನ ಇಳಿಜಾರಿನ ಉಪಾಯ ನಡೆಯೋದಿಲ್ಲ, ಕೆಳಗೆ ತಗ್ಗು ಹೊಲ ಇದ್ದರೆ ಮಾತ್ರ. ಇಲ್ಲದಿದ್ದರೆ ಕೆಸರು ಪಂಪು ಬಾಡಿಗೆಗೆ ತರೋದೇ ಸರಿ. ಏನೇ ಇರಲಿ, ಪ್ಲಾಸ್ಟಿಕ್ ಇಳಿಜಾರಲ್ಲಿ ಜಾರಿದವನು ಈಜು ಬಂದರೂ ಮೇಲೆ ಹತ್ತಲಾರ. ಸುತ್ತ ಬೇಲಿ ಹಾಕಿ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಒಂದು ಲಾರಿ ಟ್ಯೂಬು ತೇಲಿಸಿಡಿ. ಒಬ್ಬರೇ ತೊಳೆಯಲು ಇಳಿಯಬೇಡಿ.

ಗುಂಡು ತೊಟ್ಟಿಗೆ ಎರಡು ಬೇಸಿಗೆ ಕಳೆದವು. ಟಾರ್ಪಾಲು ಇನ್ನೂ ಹರಿದಿಲ್ಲ, ಕೆಳಗಿನ ಸಾಲಿನ ಗಿಡವೂ ಕಾಯಿ ಬಿಡ್ತಿದೆ. ಬೆಳಗ್ಗೆ ವಾಲ್ವು ತೆರೆಯೋದು ಹೆಂಡತಿಯ ಕೆಲಸ. ಎಡಗೈಲೇ ತಿರುಗಿಸ್ತಾಳೆ. ತೊಟ್ಟಿ ಒಳಗೆ ಅವಳ ಕಾಲು ಬಿದ್ದಿಲ್ಲ, ನಂದೂ ಬಿದ್ದಿಲ್ಲ.

ನಡುವಿನ ತೂತನ್ನು ಸೋರದ ಹಾಗೆ ಕೂರಿಸಲು ನನಗಿಂತ ಸುಲಭದ ದಾರಿ ಕಂಡವರು ಇದ್ದರೆ ಪತ್ರಿಕೆಗೆ ಬರೆಯಿರಿ. ಮುಂದಿನ ಸಲ ಟಾರ್ಪಾಲು ಬದಲಿಸುವಾಗ ನನಗೂ ಬೇಕಾಗುತ್ತೆ.