ಸಮಾಜ ಪಾಠಕ್ಕೆ ಹಿಡಿ ಮಣ್ಣು

ಗಂಗೆ-ಯಮುನೆಗಳ ಉಗಮವನ್ನು ತಡೆಯಿಲ್ಲದೆ ಒಪ್ಪಿಸುವ ಆಲ್ಕೊಳದ ಬಾಲಕನು, ತುಂಗೆಯು ಯಾವ ದಿಕ್ಕಿಗೆ ಹರಿಯುವಳೆಂದು ಕೇಳಿದರೆ ತಬ್ಬಿಬ್ಬಾಗುವುದುಂಟು. ದೋಷ ಬಾಲಕನದಲ್ಲ. ಉಪಾಧ್ಯಾಯರು ಅಂಗಳದ ಮರಳಿನಲ್ಲಿ ಎರಡು ಗೆರೆಗಳನ್ನೆಳೆಯಿಸಲಿ. ಶಿವಮೊಗ್ಗೆಯ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಸೇರಿದೊಡನೆ ಸಂಗಮವೆಂಬ ಶಬ್ದಕ್ಕೆ ಅರ್ಥ ಹುಟ್ಟುವುದು.

ಚರಿತ್ರೆಗೆ ಕೆಳದಿಯ ಶಿವಪ್ಪನಾಯಕನ (1645–1660) ‘ಶಿಸ್ತು’ ಒಂದೇ ಸಾಕು. ಪ್ರತಿ ಗ್ರಾಮದ ಬಗೆಬಗೆಯ ನೆಲಗಳಲ್ಲಿ ಹನ್ನೆರಡು ವರ್ಷ ಬೆಳೆ ತೆಗೆಯಿಸಿ, ಸರಾಸರಿಯ ಮೂರರಲ್ಲೊಂದು ಪಾಲನ್ನು ಆತನು ಕಂದಾಯವಾಗಿ ಗೊತ್ತುಪಡಿಸಿದನೆಂಬುದು ಪ್ರಸಿದ್ಧ. ಮಕ್ಕಳು ಗದ್ದೆ, ತೋಟ, ಹಕ್ಕಲುಗಳಿಂದ ಹಿಡಿಹಿಡಿ ಮಣ್ಣು ತರಲಿ. ಒಬ್ಬನು ನಾಯಕ, ಒಬ್ಬನು ಶ್ಯಾನುಭೋಗ, ಉಳಿದವರು ರೈತರು. ಇಳುವರಿಗೆ ಹುಣಿಸೆಬೀಜ: ಹನ್ನೆರಡು ವರ್ಷಕ್ಕೆ 108 ಬಂದರೆ ಸರಾಸರಿ 9, ಕಂದಾಯ 3. ಮಳೆ ತಪ್ಪಿದ ವರ್ಷವೂ ಮೂರೇ ಏಕೆಂದು ರೈತನಾದ ಮಗು ಕೇಳಿಯೇ ಕೇಳುವುದು. ಆಗ ಉಪಾಧ್ಯಾಯರು ಆತುರಪಡಬಾರದು. ನಾಯಕನಾದ ಮಗುವೇ ಉತ್ತರಿಸಲಿ.