ಗೇಣುದ್ದದ ಅಜ್ಜ ಗಿಡ

ಮಕ್ಕಳೇ, ಕ್ರಿಕೆಟ್ ಬ್ಯಾಟನ್ನು ಯಾವ ಮರದಿಂದ ಮಾಡುತ್ತಾರೆ, ಗೊತ್ತೇ? ವಿಲ್ಲೋ ಮರದಿಂದ. ಕಾಶ್ಮೀರದಲ್ಲಿ ಅದು ಮನೆಗಿಂತ ಎತ್ತರ ಬೆಳೆಯುತ್ತದೆ. ನಮ್ಮ ಮಲೆನಾಡಿನ ಹೊಳೆದಂಡೆಗಳಲ್ಲೂ ಅದೇ ಬಳಗದ ಮರವೊಂದಿದೆ. ಆದರೆ ಉತ್ತರ ಧ್ರುವದ ಕಡೆಗೆ ಹೋದರೆ ಆ ಬಳಗದ ಒಂದು ಪುಟಾಣಿ ಸಿಗುತ್ತದೆ. ಅದರ ಕಾಡಿನಲ್ಲಿ ದಾರಿ ತಪ್ಪುವ ಭಯವೇ ಇಲ್ಲ. ಎದ್ದು ನಿಂತರೆ ಸಾಕು, ಇಡೀ ಕಾಡು ನಿಮ್ಮ ಕಾಲ ಬುಡದಲ್ಲಿರುತ್ತದೆ!

ಇದರ ಹೆಸರು ಆರ್ಕ್ಟಿಕ್ ವಿಲ್ಲೋ. ಸಸ್ಯಶಾಸ್ತ್ರದಲ್ಲಿ ಸ್ಯಾಲಿಕ್ಸ್ ಆರ್ಕ್ಟಿಕಾ. ಗ್ರೀನ್‌ಲ್ಯಾಂಡ್, ಉತ್ತರ ಕೆನಡಾ, ಅಲಾಸ್ಕ, ಸೈಬೀರಿಯಗಳು ಇದರ ತವರು. ಗ್ರೀನ್‌ಲ್ಯಾಂಡಿನ ತುತ್ತತುದಿಯಲ್ಲಿ, ಸುಮಾರು 83 ಡಿಗ್ರಿ ಉತ್ತರ ಅಕ್ಷಾಂಶದಲ್ಲೂ ಇದು ಬದುಕುತ್ತದೆ. ಎತ್ತರ ಹೆಚ್ಚಾಗಿ ಒಂದು ಗೇಣನ್ನೂ ಮೀರದು.

ಇಷ್ಟು ಕುಳ್ಳು ಏಕೆ? ತಲೆ ಎತ್ತಿದರೆ ಕೊರೆಯುವ ಗಾಳಿ. ನೆಲಕ್ಕೆ ಅಂಟಿಕೊಂಡರೆ ಬಿಸಿಲಿಗೆ ಕಾದ ಮಣ್ಣಿನ ಬಿಸುಪು ಸಿಗುತ್ತದೆ. ಚಳಿಗಾಲದಲ್ಲಿ ಹಿಮವೇ ಕಂಬಳಿಯಾಗುತ್ತದೆ. ಆಳದ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಬೇರು ಕೆಳಗಿಳಿಯದೆ ಅಡ್ಡಡ್ಡ ಹರಡುತ್ತದೆ. ಎಲೆಗಳ ಮೇಲೆ ರೇಷ್ಮೆಯಂಥ ರೋಮ ಬೇರೆ!

ಇದರಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ದುಂಬಿ, ನೊಣಗಳು, ಗಾಳಿ ಪರಾಗವನ್ನು ಸಾಗಿಸುತ್ತವೆ. ಹತ್ತಿಯಂಥ ಎಳೆ ಹೊತ್ತ ಬೀಜಗಳು ಗಾಳಿಯಲ್ಲಿ ಹಾರುತ್ತವೆ. ಹೂವು, ಬೀಜ, ಮುಂದಿನ ವರ್ಷದ ಮೊಗ್ಗು ಎಲ್ಲವೂ ಸುಮಾರು ಎರಡು ತಿಂಗಳ ಬೇಸಿಗೆಯಲ್ಲೇ ಮುಗಿಯಬೇಕು. ಬ್ಯಾಂಕಿನಲ್ಲಿ ಉಳಿತಾಯ ಖಾತೆಗಳ ಲೆಕ್ಕ ಬರೆದವನು ನಾನು. ಎರಡು ತಿಂಗಳು ದುಡಿದು ಹತ್ತು ತಿಂಗಳು ಬಾಳುವ ಇಂಥ ಖಾತೆದಾರನನ್ನು ಕಂಡಿಲ್ಲ!

ಇದನ್ನು ನಂಬಿದವರೂ ಬಹಳ. ಕಸ್ತೂರಿ ಎತ್ತು, ಆರ್ಕ್ಟಿಕ್ ಮೊಲ, ಇಲಿಯಂಥ ಲೆಮ್ಮಿಂಗ್ ಇದನ್ನು ಮೇಯುತ್ತವೆ. ಒಂದು ಜಾತಿಯ ಕಂಬಳಿಹುಳು ಇದರ ಎಲೆ ತಿಂದು, ಪ್ರತಿ ಚಳಿಗಾಲದಲ್ಲೂ ಹೆಪ್ಪುಗಟ್ಟಿ, ಮತ್ತೆ ಎಚ್ಚೆತ್ತು, ಪತಂಗವಾಗಲು ಸುಮಾರು ಏಳು ವರ್ಷ ತೆಗೆದುಕೊಳ್ಳುತ್ತದೆ. ಅಲ್ಲಿಯ ಇನ್ಯೂಟ್ ಜನರಿಗೆ ಇದರ ಕಡ್ಡಿ ಸೌದೆ, ಚಿಗುರು ಊಟ.

ಪೂರ್ವ ಗ್ರೀನ್‌ಲ್ಯಾಂಡಿನಲ್ಲಿ 236 ವರ್ಷದ ಗಿಡವೊಂದು ಸಿಕ್ಕಿದೆ. ಕಾಂಡದೊಳಗಿನ ಉಂಗುರಗಳನ್ನು ಎಣಿಸಿದರೆ ವಯಸ್ಸು ತಿಳಿಯುತ್ತದೆ. ಉಂಗುರ ಅಗಲವಿದ್ದರೆ ಆ ಬೇಸಿಗೆ ಗಿಡಕ್ಕೆ ಒಗ್ಗಿತ್ತು, ಕಿರಿದಾಗಿದ್ದರೆ ಕಷ್ಟದ ವರ್ಷ. ಹೀಗೆ ಪ್ರತಿ ಗಿಡವೂ ಹವಾಮಾನದ ಒಂದು ಲೆಕ್ಕದ ಪುಸ್ತಕ.

ಆದರೆ ಧ್ರುವ ಪ್ರದೇಶ ಈಗ ಪ್ರಪಂಚದ ಉಳಿದ ಕಡೆಗಿಂತ ಬೇಗ ಬಿಸಿಯಾಗುತ್ತಿದೆ. ಅಲ್ಲಿಯ ಬಯಲುಗಳ ಅನೇಕ ಕಡೆ ಎತ್ತರದ ಪೊದೆಗಳು ಹಬ್ಬುತ್ತಿವೆ. ಚಳಿಯನ್ನು ಗೆದ್ದ ಈ ಗಿಡಕ್ಕೆ ಅವುಗಳ ನೆರಳೇ ಕಂಟಕ.

ನಿಮ್ಮ ಬ್ಯಾಟಿನ ಮೇಲೆ ಉದ್ದುದ್ದ ಗೆರೆಗಳಿವೆ, ನೋಡಿ. ಒಂದೊಂದು ಗೆರೆಯೂ ಮರದ ಒಂದೊಂದು ವರ್ಷ. ಅವನ್ನು ಎಣಿಸಿ. ಆಮೇಲೆ ಅಜ್ಜ ಅಜ್ಜಿಯ ವಯಸ್ಸು ಕೇಳಿ. ನನ್ನಂಥ ಮೂವರು ಮುದುಕರ ವಯಸ್ಸು ಕೂಡಿಸಿದರೆ ಆ ಗೇಣುದ್ದದ ಗಿಡದ ವಯಸ್ಸು!